ಸೈಕಲ್ಲೊಂದನ್ನು ಮರೆತ ಆಟ

ಬರ್ರಿ, ಕೂಡ್ರಿ! ಕ್ರಾಸಿನ ಕಟ್ಟೆಯ ಮೇಲೆ ಏಳೂಕಾಲರ ಬಸ್ಸು ಕಾಯುವ ದೊರೆಗಳೇ, ಬುತ್ತಿಗಂಟು ಹಿಡಿದ ತಾಯಂದಿರೇ, ರಹಿಮಾನಸಾಬನ ಪಂಕ್ಚರ್ ಅಂಗಡಿಯ ಗೋಡೆಗೆ ಸೈಕಲ್ ಆನಿಸಿ ನಿಂತ ಸಮಸ್ತ ಸಭಿಕರೇ! ಒಂದೂವರೆ ತಿಂಗಳ ಹಿಂದೆ ಇದೇ ಕಟ್ಟೆಯ ಮೇಲೆ ನಾನು ಆಡಿದ ಆಟ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವರು ನೀವು. ಚಪ್ಪಾಳೆ ಹೊಡೆದವರು ನೀವು. ಈ ಕಾಗದವನ್ನೂ ನೀವೇ ಕೇಳಬೇಕು. ಆದರೆ ಬರೆದದ್ದು ನಿಮಗಲ್ಲ, ಮೈಲಾರವ್ವಕ್ಕನಿಗೆ. ನಗಬೇಡಿರಿ ಎಂದು ನಾನು ಹೇಳುವುದಿಲ್ಲ. ಈ ಸಲ ಯಾರನ್ನು ನೋಡಿ ನಗಬೇಕೆಂಬುದು ಮಾತ್ರ ಗೊತ್ತಿರಲಿ.

ಮೈಲಾರವ್ವಕ್ಕಾ, ನಿನ್ನ ಪಾದಕ್ಕೆ ಹೊಳಬಸಪ್ಪನ ಶರಣು.

ನಿನಗೆ ಓದಲು ಬಾರದು, ನನಗೆ ಸಣ್ಣ ದನಿಯಲ್ಲಿ ಮಾತಾಡಲು ಬಾರದು. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗಲಾದರೂ ನನ್ನ ದನಿ ಅಡಗಿರುತ್ತದೆ ಎಂಬ ಆಸೆ. ಮೇಲಿನ ನಾಲ್ಕು ಸಾಲು ನೋಡಿದರೆ ಅದೂ ಆಗಿಲ್ಲ. ಮೂವತ್ತು ವರ್ಷ ಬಣ್ಣ ಹಚ್ಚಿದವನ ಕೈ ಇದು, ಪೆನ್ನು ಹಿಡಿದರೂ ಪರದೆ ಎಳೆಯುತ್ತದೆ.

ಆ ದನಿಯನ್ನು ಮೊದಲು ಹೊಗಳಿದವಳು ನೀನು. ನೆನಪಿದೆಯೇನು? ನನಗೆ ಆಗ ಇಪ್ಪತ್ತೆರಡು. ಖಳನಾಯಕನ ಪಾತ್ರ. ಹಲಗೆಯ ರಂಗದ ಮೇಲೆ ಕತ್ತಿ ಝಳಪಿಸುತ್ತ ಬಂದು, 'ಯಾರಲ್ಲಿ! ಹಾದಿ ಬಿಡಿರಿ!' ಎಂದು ಗರ್ಜಿಸಿದೆ. ಮರುದಿನ ಮೊಸರಿನ ಗಡಿಗೆ ಹೊತ್ತು ಎದುರಾದ ನೀನು, 'ತಮ್ಮಾ, ಹಿಂದ ಕಂಬಳಿ ಹೊದ್ದು ಕುಂತಿದ್ದ ನನಗೂ ಕೇಳಸ್ತು ನೋಡು ನಿನ್ನ ದನಿ. ಎದಿ ಝಲ್ ಅಂತು' ಎಂದಿದ್ದೆ. ಆ ಮಾತು ನನ್ನ ಕೊರಳಿಗೆ ಬಿದ್ದ ಮೊದಲ ಹಾರ. ಅದನ್ನು ಇವತ್ತಿಗೂ ತೆಗೆದಿಟ್ಟಿಲ್ಲ ನಾನು. ಅದೇ ಗರ್ಜನೆಯಿಂದ ನಿನ್ನ ಎದೆಯನ್ನು ಇನ್ನೊಮ್ಮೆ ಝಲ್ ಅನ್ನಿಸುತ್ತೇನೆ ಎಂದು ಆಗ ಯಾರಿಗೆ ಗೊತ್ತಿತ್ತು?

ನಮ್ಮ ಊರಿಂದ ಕ್ರಾಸಿಗೆ ಎರಡೂವರೆ ಕಿಲೋಮೀಟರ್ ಹೊಲದ ಹಾದಿ. ಬೇಸಿಗೆಯಲ್ಲಿ ಅದು ಹೆದ್ದಾರಿ. ಮಳೆ ಬಿದ್ದಿತೋ, ಎರಡೂ ಕಡೆ ಎರಿಯ ಕರಿ ಮಣ್ಣು ಬೆಲ್ಲದ ಪಾಕದ ಹಾಗೆ ಕಾಲು ಹಿಡಿಯುತ್ತದೆ. ಬೈಕಿನವರು ಆ ಕಡೆ ತಲೆ ಹಾಕುವುದಿಲ್ಲ. ನಡುವೆ ಗರಸಿನ ಸಣ್ಣಕಲ್ಲು ಬಿದ್ದು, ತುಳಿದು ತುಳಿದು ಗಟ್ಟಿಯಾದ ಒಂದೂವರೆ ಅಡಿಯ ಪಟ್ಟಿ ಉಂಟಲ್ಲ, ಮಳೆಗಾಲದಲ್ಲಿ ಇಡೀ ಊರು ಅದರ ಮೇಲೆಯೇ ದುಡಿಯಲು ಹೋಗುತ್ತದೆ, ಅದರ ಮೇಲೆಯೇ ಮನೆಗೆ ಬರುತ್ತದೆ. ಆ ಪಟ್ಟಿಗೆ ಒಂದು ಕಾನೂನಿದೆ. ಯಾವ ಪಂಚಾಯ್ತಿಯೂ ಠರಾವು ಮಾಡಿದ್ದಲ್ಲ. ತಲೆಯ ಮೇಲೆ ಹೊರೆ ಇದ್ದವರು ಪಟ್ಟಿ ಬಿಟ್ಟು ಇಳಿಯುವಂತಿಲ್ಲ. ಬರಿಗೈಯವರು ಇಳಿಯಬೇಕು. ಸೈಕಲ್ಲಿನವನು ದೂರದಿಂದಲೇ ಗಂಟೆ ಹೊಡೆದು, ಇಳಿದು, ಗಾಲಿಗೆ ಮಣ್ಣು ಮೆತ್ತದಂತೆ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ರಾಡಿಯಲ್ಲಿ ನಿಲ್ಲಬೇಕು. ಹೊರೆ ಹೊತ್ತವರು ದಾಟಿದ ಮೇಲೆ ಮತ್ತೆ ಏರಬೇಕು. ಅಷ್ಟೇ.

ಆ ಕಾನೂನನ್ನೂ ಒಮ್ಮೆ ನನಗಾಗಿ ಮುರಿದವಳು ನೀನೇ. ನಾನು ಹಾರ್ಮೋನಿಯಂ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಬರುತ್ತಿದ್ದೆ, ಎದುರಿನಿಂದ ನೀನು ಗಡಿಗೆ ಹೊತ್ತು. ಇಬ್ಬರ ತಲೆಯ ಮೇಲೂ ಹೊರೆ. ಯಾರು ಇಳಿಯಬೇಕು? ನಾನು ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ನೀನು ಮೊಣಕಾಲುಮಟ ರಾಡಿಗೆ ಇಳಿದಾಗಿತ್ತು. 'ಹೋಗು ತಮ್ಮಾ, ನಿನ್ನ ಪೆಟ್ಟಿಗಿ ಭಾರ ಐತಿ. ಅದು ಬಿದ್ರ ಊರಾಗ ಹಾಡೇ ಇರೂದಿಲ್ಲ' ಎಂದು ನಕ್ಕಿದ್ದೆ.

ಇನ್ನು ಆ ಮುಂಜಾನೆಯ ಸಂಗತಿ ಹೇಳಬೇಕು. ಇಲ್ಲಿ ಪೆನ್ನು ನಿಲ್ಲುತ್ತಿದೆ ಅಕ್ಕಾ. ಎದ್ದು ನೀರು ಕುಡಿದು ಬಂದೆ.

ಶ್ರಾವಣದ ಜಡಿಮಳೆ ಹಿಡಿದಿತ್ತು. ನವಲಗುಂದದಲ್ಲಿ ನಾನು ಕೆಲಸ ಮಾಡುವ ಬೀಜ-ಗೊಬ್ಬರದ ಅಂಗಡಿಯನ್ನು ಎಂಟಕ್ಕೆ ತೆರೆಯಬೇಕು. ಬಸ್ಸು ತಪ್ಪಿದರೆ ಮುಂದಿನದು ಒಂಬತ್ತಕ್ಕೆ. ನನ್ನ ಸೈಕಲ್ಲಿಗೆ ಗಂಟೆ ಇರಲಿಲ್ಲ. ತುಕ್ಕು ಹಿಡಿದು ಬಿದ್ದು ನಾಲ್ಕು ವರ್ಷವಾಗಿತ್ತು. 'ನನ್ನ ದನಿ ಇರುವಾಗ ಗಂಟಿ ಯಾಕಲೇ' ಎಂದು ನಾನೇ ಊರ ತುಂಬ ಹೇಳಿಕೊಂಡು ತಿರುಗಿದವನು. ತಿರುವಿನ ಜಾಲಿಗಿಡ ದಾಟಿದೊಡನೆ ನೀನು ಕಂಡೆ. ನನಗೆ ಬೆನ್ನು ಮಾಡಿ, ತಲೆಯ ಮೇಲೆ ಗಡಿಗೆ, ಒಂದು ಕೈ ಅದರ ಅಂಚಿಗೆ, ಪಟ್ಟಿಯ ಮೇಲೆ ಅಳೆದು ಹೆಜ್ಜೆ ಇಡುತ್ತ ಹೊರಟಿದ್ದೆ. ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು. ನಾನು ಇಳಿಯಬೇಕಿತ್ತು. ಇಳಿದು ನಿನ್ನ ಹಿಂದೆ ನಡೆದಿದ್ದರೆ ಬಸ್ಸು ತಪ್ಪುತ್ತಿತ್ತು. ಸೈಕಲ್ಲು ಹತ್ತಿಯೇ ರಾಡಿಗೆ ಇಳಿದು ದಾಟಿದ್ದರೆ ಗಾಲಿಗೆ ಮಣ್ಣು ಮೆತ್ತಿ, ಕಡ್ಡಿ ಹಿಡಿದು ಕೆರೆಯುತ್ತ ಕೂರಬೇಕಿತ್ತು. ಎರಡೂ ಬೇಡವಾಗಿ, ನಿನ್ನ ಬೆನ್ನಿಗೆ ಹತ್ತು ಹೆಜ್ಜೆ ಇರುವಾಗ, ಹೊಟ್ಟೆಯಿಂದ ಉಸಿರೆಳೆದು ಗರ್ಜಿಸಿದೆ:

'ಯಾರಲ್ಲಿ! ಹಾದಿ ಬಿಡಿರಿ!'

ತಮಾಷೆ ಎಂದುಕೊಂಡಿದ್ದೆ. ದೇವರಾಣೆ, ನಗುತ್ತೀಯೆಂದೇ ತಿಳಿದಿದ್ದೆ. ನೀನು ಬೆಚ್ಚಿದೆ. ತಿರುಗಿ ನೋಡಲು ಹೋದೆಯೋ, ಇಳಿಯಲು ಹೋದೆಯೋ, ಕಾಲು ಪಟ್ಟಿಯ ಅಂಚಿನಿಂದ ಜಾರಿತು. ನಾನು ನಿನ್ನ ಸೀರೆಯ ಸೆರಗಿಗೆ ತಾಗುವಂತೆ ದಾಟಿಹೋದೆ. ಹಿಂದೆ ಗಡಿಗೆ ಒಡೆದ ಸದ್ದಾಯಿತು. ಅದರ ಹಿಂದೆಯೇ ನಿನ್ನದೊಂದು ಸದ್ದು. ಅದನ್ನು ಬರೆಯಲು ನನಗೆ ಬಾರದು. ಒಮ್ಮೆ ತಿರುಗಿ ನೋಡಿದೆ. ಕರಿ ರಾಡಿಯ ಮೇಲೆ ಬೆಳ್ಳಗೆ ಮೊಸರು. ಅದರ ನಡುವೆ ನೀನು, ಕೈ ಮೈಯಡಿಗೆ ಸಿಕ್ಕಿಸಿಕೊಂಡು.

ನೋಡಿದೆ, ಅಕ್ಕಾ. ನೋಡಿಯೂ ಪೆಡಲು ತುಳಿದೆ. ಬಸ್ಸು ಸಿಕ್ಕಿತು. ಕಿಟಕಿಯ ಸೀಟೂ ಸಿಕ್ಕಿತು.

ನಿನ್ನ ಹಿಂದೆ ಕಳೆ ತೆಗೆಯಲು ಹೊರಟಿದ್ದ ಜರೀನಾಬಿ ತಿರುವು ದಾಟಿ ಬಂದು ನಿನ್ನನ್ನು ಎಬ್ಬಿಸಿದಳಂತೆ. 'ಯಾರು ಬೇ, ಯಾರರ ಹಾಯ್ದ್ರೇನು?' ಎಂದು ಕೇಳಿದಳಂತೆ. 'ಯಾರೂ ಇಲ್ಲವ್ವಾ, ಕಾಲು ಜಾರಿತು' ಎಂದೆಯಂತೆ ನೀನು. ನನ್ನ ದನಿ ಗುರುತಿಸದ ಕೂಸು ಈ ಊರಿನಲ್ಲಿಲ್ಲ. ಮೂವತ್ತು ವರ್ಷದ ಹಿಂದೆ ಅದನ್ನು ಹೊಗಳಿದ ನೀನು ಗುರುತಿಸಲಿಲ್ಲ ಎಂದರೆ ನಾನು ನಂಬಬೇಕೇನು?

ನೀನು ಮುಂಗೈ ಎಲುಬು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಬಂದೆ. ಊರವರೆಲ್ಲ ಮಾತಾಡಿಸಲು ಬಂದರು. ನಾನೂ ಬಂದೆ, ಬ್ರೆಡ್ಡು, ಅರ್ಧ ಡಜನ್ ಬಾಳೆಹಣ್ಣು ಹಿಡಿದು. 'ಬಾ ತಮ್ಮಾ, ಕುಂದರು' ಎಂದೆ ನೀನು. ಸೊಸೆ ಅನ್ನಪೂರ್ಣಾಗೆ ಚಹಾ ಇಡು ಎಂದೆ. ನಾನು ಕಂಬಕ್ಕೊರಗಿ ಕುಳಿತು, ಎಲ್ಲರಿಗೂ ಕೇಳುವ ಹಾಗೆ, 'ನೋಡಿ ನಡೀಬೇಕಬೇ ಯಕ್ಕಾ, ವಯಸ್ಸು ಆತು ಇನ್ನ' ಎಂದೆ. ನೀನು ನನ್ನ ಮುಖ ನೋಡಿದೆ. ಒಂದು ಗಳಿಗೆ, ಅಷ್ಟೇ. 'ಹೌದಪ್ಪ, ನೋಡಿ ನಡೀಬೇಕು' ಎಂದೆ. ನಾನು ಚಹಾ ಕುಡಿದೆ. ಬಸಿಯಲ್ಲಿ ಚೆಲ್ಲಿದ್ದನ್ನೂ ಬಿಡದೆ ಕುಡಿದೆ.

ಅಲ್ಲಿಗೆ ಮುಗಿಸಿದ್ದರೂ ನಾನು ಬರಿಯ ಹೇಡಿ ಅನ್ನಿಸಿಕೊಳ್ಳುತ್ತಿದ್ದೆ. ಮರುದಿನ ಕಟ್ಟೆಯ ಮೇಲೆ, ಕರೆಂಟಿನ ಕಂಬ ಹತ್ತುವ ಪ್ರಭು ಕೇಳಿದ: 'ನಾಟಕದ ಮಾಸ್ತರ, ಮೈಲಾರವ್ವ ಹೆಂಗ ಬಿದ್ಳಂತ್ರಿ?' ಸುತ್ತ ಹದಿನೈದು ಮಂದಿ, ಬಸ್ಸಿಗೆ ಹತ್ತು ನಿಮಿಷ. ನನ್ನ ರಕ್ತ ಎಂಥದು ನಿನಗೆ ಗೊತ್ತಲ್ಲ. ಟವೆಲ್ಲು ಸುತ್ತಿ ಸಿಂಬಿ ಮಾಡಿದೆ. ರಹಿಮಾನಸಾಬ ಟ್ಯೂಬು ಅದ್ದುವ ಬಕೆಟ್ಟನ್ನು ತಲೆಯ ಮೇಲಿಟ್ಟುಕೊಂಡೆ. ನಿನ್ನ ಹಾಗೆ ಸೊಂಟ ತಿರುವಿ ನಡೆದೆ. ದಾರಿಯಲ್ಲಿ ನೀನು ಎಮ್ಮೆಗೆ ಬೈದಂತೆ, ಮೊಸರು ಹುಳಿ ಎಂದ ಗಿರಾಕಿಗೆ ಬೈದಂತೆ, ಬೈಯುವ ಭರದಲ್ಲಿ ಕಾಲು ಜಾರಿದಂತೆ ಆಡಿ ತೋರಿಸಿದೆ. ಬಕೆಟ್ಟು ಹಾರಿತು. ನಾನು ಕಾಲು ಮೇಲೆ ಮಾಡಿ ಬಿದ್ದೆ. 'ಅಯ್ಯಯ್ಯ ನನ್ನ ಮೊಸರೇ!' ಎಂದು ನಿನ್ನ ದನಿಯಲ್ಲಿ ಚೀರಿದೆ. ಕಟ್ಟೆಯೇ ಕುಸಿಯುವ ಹಾಗೆ ನಕ್ಕರು. 'ಒನ್ಸ್ ಮೋರ್ ಮಾಸ್ತರ!' ಎಂದು ಕೂಗಿದರು. ನಾನು ಇನ್ನೊಮ್ಮೆ ಬಿದ್ದೆ. ಮತ್ತೊಮ್ಮೆ ಬಿದ್ದೆ. ನಿನ್ನನ್ನು ರಾಡಿಯಲ್ಲಿ ಒಂದು ಸಲ ಬೀಳಿಸಿದವನು ಕಟ್ಟೆಯ ಮೇಲೆ ಮೂರು ಸಲ ಬೀಳಿಸಿದೆ. ಪ್ರಭು ಮೊಬೈಲಿನಲ್ಲಿ ಹಿಡಿದುಕೊಂಡ. ಸಂಜೆಯೊಳಗೆ ಊರಿನ ಎಲ್ಲ ಗ್ರೂಪಿನಲ್ಲೂ ಅದೇ. ನನ್ನ ಫೋನಿಗೇ ನಾಲ್ಕು ಕಡೆಯಿಂದ ಬಂತು. ನಾನೂ ಎರಡು ಸಲ ನೋಡಿದೆ. 'ಚಲೋ ಬಂದೈತಿ' ಎಂದುಕೊಂಡೆ.

ಅನ್ನಪೂರ್ಣಾ ಅದನ್ನು ನಿನ್ನಿಂದ ಇಷ್ಟು ದಿನ ಮುಚ್ಚಿಟ್ಟಿದ್ದಳಂತೆ. ನಿನ್ನೆ, ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ದಿನ, ನೀನೇ 'ಏನೋ ಐತಂತಲ್ಲ ನಂದು, ತೋರಸು ನೋಡೂಣು' ಎಂದು ಕೇಳಿ ನೋಡಿದೆಯಂತೆ. ಇವತ್ತು ಮುಂಜಾನೆ ಕ್ರಾಸಿನಲ್ಲಿ ಜರೀನಾಬಿ ನನ್ನನ್ನು ಬದಿಗೆ ಕರೆದಳು.

'ಕಾಕಾ, ನಿಮ್ಮ ಆಟ ನೋಡಿದ್ಳು ಮೈಲಾರವ್ವ.'

'ಏನಂದ್ಳು? ಬೈದ್ಳೇನು?'

'ಇಲ್ರಿ, ನಕ್ಕಳು. "ಅಗದಿ ಬರೋಬ್ಬರಿ ಮಾಡ್ಯಾನ. ನನ್ನ ನಡಗಿ, ನನ್ನ ಬೈಗಳಾ, ಎಲ್ಲಾ ಖರೇನ ಅದಾವ. ಸೈಕಲ್ಲು ಒಂದು ಮರತಾನ" ಅಂದ್ಳು.' ಆಮೇಲೆ ಅವಳು ನನ್ನ ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ಕೈ ಇಟ್ಟಳು. 'ಯಾ ಸೈಕಲ್ರಿ ಕಾಕಾ ಅದು?'

ರಾತ್ರಿಯಿಡೀ ಆಡುವ ನಾಟಕದಲ್ಲಿ ಒಂದು ಮಾತು ಮರೆತವನಲ್ಲ ನಾನು. ಅವಳ ಮುಂದೆ ಬಗ್ಗಿ, ಸೈಕಲ್ಲಿನ ಚೈನು ಸರಿಮಾಡುವವನ ಹಾಗೆ ನಟಿಸಿದೆ. ಅವಳು ಉತ್ತರಕ್ಕೆ ಕಾಯಲಿಲ್ಲ. 'ನಾಳೆಯಿಂದ ಮತ್ತ ಮೊಸರು ಒಯ್ತಾಳಂತ್ರಿ. ಟ್ರ್ಯಾಕ್ಟರ್ ಹಾದಿ ಹಿಡಿದು ಸುತ್ತು ಹಾಕ್ಕೊಂಡು ಹೋಗ್ತೀನಿ ಅಂತಾಳ. ತಾಸು ಹೆಚ್ಚಾಗ್ತೈತಿ. ಕೇಳಿದ್ರ, ಆ ಪಟ್ಟಿ ಮ್ಯಾಲ ಹಿಂದ ಯಾರರ ಬಂದ್ರ ಎದಿ ಧಸಕ್ ಅಂತೈತಿ ಅಂತಾಳ' ಎಂದು ಹೇಳಿ ಹೊರಟುಹೋದಳು.

ನಲವತ್ತು ವರ್ಷ ನಡೆದ ಹಾದಿ ನಿನ್ನದು. ಆ ಗಟ್ಟಿ ಪಟ್ಟಿಯಲ್ಲಿ ಅರ್ಧ ನಿನ್ನ ಕಾಲು ತುಳಿದೇ ಗಟ್ಟಿಯಾದದ್ದು. ಅದನ್ನು ನಿನ್ನಿಂದ ಕಸಿದುಕೊಂಡದ್ದು ಮಳೆಯಲ್ಲ, ವಯಸ್ಸಲ್ಲ. ನಾನು, ನನ್ನ ಈ ಹಾಳು ಕೊರಳು. ನೀನು ನಾಲ್ಕು ಮಂದಿಯ ಮುಂದೆ ನನ್ನ ಹೆಸರು ಹೇಳಿ ಉಗುಳಿದ್ದರೆ ನಾನು ವಾದ ಮಾಡಿ ಗೆದ್ದುಬಿಡುತ್ತಿದ್ದೆ. ನೀನು ಸುಮ್ಮನೆ ಚಹಾ ಕೊಟ್ಟೆ.

ಸಂಜೆ ರಹಿಮಾನಸಾಬನಲ್ಲಿ ಗಂಟೆ ಹಾಕಿಸಿಕೊಂಡೆ. 'ಮಾಸ್ತರ, ನಿಮಗ್ಯಾಕ್ರಿ ಗಂಟಿ? ನಿಮ್ಮ ದನಿ ಇಲ್ಲಿ ಬಿಟ್ರ ಸಂಶಿ ಊರ ಸಂತಿ ತನಕ ಕೇಳಸ್ತೈತಿ' ಎಂದು ಅವನು ನಕ್ಕ. ನಾನು ನಗಲಿಲ್ಲ. ಅವನು ಸ್ಕ್ರೂ ತಿರುವುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಸಣ್ಣ ಗಂಟೆ. ಟ್ರಿಣ್ ಎನ್ನುತ್ತದೆ, ಅಷ್ಟೇ. ಯಾರ ಎದೆಯೂ ಝಲ್ಲೆನ್ನುವುದಿಲ್ಲ.

ಕ್ಷಮಿಸು ಎಂದು ಬರೆದೆ, ಹೊಡೆದು ಹಾಕಿದೆ. ಆ ಮಾತನ್ನು ರಂಗದ ಮೇಲೆ ಎಷ್ಟು ಸಲ ಮೊಣಕಾಲೂರಿ ಹೇಳಿದ್ದೇನೆಂದರೆ, ನನ್ನ ಬಾಯಲ್ಲಿ ಅದಕ್ಕೆ ಬೆಲೆಯೇ ಉಳಿದಿಲ್ಲ. ನಿನ್ನ ಮುಂಗೈ ಗಟ್ಟಿಯಾಗಲಿ. ನಿನ್ನ ಗಡಿಗೆ ತುಂಬಿರಲಿ. ಹಿಂದಿನಿಂದ ಬರುವ ಯಾವ ಸದ್ದಿಗೂ ನೀನು ಇನ್ನು ಬೆಚ್ಚದಿರು. ಹಿರಿಯಳಿಗೆ ಕಿರಿಯನು ಹರಸುವ ಪದ್ಧತಿ ಇಲ್ಲ, ಗೊತ್ತು. ನಿನ್ನ ಆಶೀರ್ವಾದ ಬೇಡಲು ಮುಖವಿಲ್ಲದ್ದಕ್ಕೆ ನಾನೇ ಹರಸುತ್ತಿದ್ದೇನೆ.

ನಾಳೆ ಮುಂಜಾನೆ ಐದೂವರೆಗೆ ನಿನ್ನ ಬಾಗಿಲಿಗೆ ಬರುತ್ತೇನೆ. ಈ ಕಾಗದವನ್ನು ಮೊದಲು ನಿನಗೊಬ್ಬಳಿಗೆ, ಎಮ್ಮೆಯೂ ಕಿವಿ ನಿಮಿರಿಸದಷ್ಟು ಸಣ್ಣ ದನಿಯಲ್ಲಿ ಓದುತ್ತೇನೆ. ಇದರಲ್ಲಿ ನಿನ್ನ ಹೆಸರು ಬೇಡ ಎಂದರೆ ಅದನ್ನು ತೆಗೆಯುತ್ತೇನೆ, ನನ್ನ ಹೆಸರು ತೆಗೆಯುವುದಿಲ್ಲ. ಮೊನ್ನೆಯ ಮಳೆಗೆ ಹಾದಿ ಮತ್ತೆ ರಾಡಿಯಾಗಿದೆ. ಪಟ್ಟಿಯ ಮೇಲೆ ನೀನು ನಡೆ, ನಿನ್ನ ಹಿಂದೆ ಜರೀನಾಬಿ. ನಾನು ನಿನ್ನ ಮುಂದೆ, ನಿನಗೆ ಕಾಣುವ ಹಾಗೆ, ಸೈಕಲ್ಲು ಹೆಗಲ ಮೇಲೆ ಹೊತ್ತು ರಾಡಿಯಲ್ಲಿ ನಡೆಯುತ್ತೇನೆ. ನೀನು ಟ್ರ್ಯಾಕ್ಟರ್ ಹಾದಿಯನ್ನೇ ಹಿಡಿದರೆ ಆ ಹಾದಿಯಲ್ಲೂ ಹಾಗೆಯೇ. ಬಸ್ಸು ತಪ್ಪಿದರೆ ತಪ್ಪಲಿ. ಕ್ರಾಸಿಗೆ ಬಂದ ಮೇಲೆ ನೀನು ಕಟ್ಟೆಯ ಮೇಲೆ ಕೂಡು. ಇದನ್ನು ಎಲ್ಲರ ಮುಂದೆ ಓದಿ, ಆಮೇಲೆ ಆ ಆಟವನ್ನು ಮೊದಲಿಂದ ಆಡುತ್ತೇನೆ. ಪ್ರಭು ಮೊಬೈಲು ಹಿಡಿಯಲಿ. ನಿನ್ನ ಪಾತ್ರ ಈ ಸಲ ನನಗೆ ಬೇಡ. ನನ್ನ ಪಾತ್ರವನ್ನೇ ಆಡುತ್ತೇನೆ. ಎಲ್ಲಿ ಗರ್ಜಿಸಿದೆ, ಎಲ್ಲಿ ತಿರುಗಿ ನೋಡಿದೆ, ನೋಡಿಯೂ ಹೇಗೆ ಪೆಡಲು ತುಳಿದೆ, ಒಂದೂ ಬಿಡದೆ. ಎಲ್ಲಿಯಾದರೂ ತಪ್ಪಿದರೆ ಅಲ್ಲೇ ತಡೆದು ತಿದ್ದು.

ನಾಳೆ ಸೈಕಲ್ಲನ್ನು ಮರೆಯದೆ ತರಲಿರುವ,
ನಿನ್ನ ತಮ್ಮ
ಹೊಳಬಸಪ್ಪ