ಅಂಗಡಿ ನನ್ನದಾದ ಬಗೆ

ಮಂಗಳವಾರ, ಹನ್ನೆರಡನೆಯ ತಾರೀಖು

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರ.

ನಿನ್ನ ಎರಡು ಕಾಗದಗಳೂ ತಲುಪಿವೆ. ಮೊದಲನೆಯದಕ್ಕೇ ಉತ್ತರ ಬರೆಯದೆ ಎರಡನೆಯದೂ ಬರುವವರೆಗೆ ಕೂತೆನಲ್ಲ, ಬೈಯಬೇಕೆನಿಸಿದರೆ ಬೈದುಬಿಡು. ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು, ನೀನು ನಂಬುತ್ತಲೂ ಇದ್ದೆ. ನಿಜವೆಂದರೆ ನಾಚಿಕೆಯಿಂದ ಬರೆಯಲಾಗಲಿಲ್ಲ. ಭಾವನ ಬೆನ್ನುನೋವು ಕಡಿಮೆಯಾಯಿತೆಂದು ತಿಳಿದು ಸಮಾಧಾನವಾಯಿತು. ಇಲ್ಲಿ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನನ್ನವಳು ಅಂಗಡಿಗೆ ಹೊಸ ಬೋರ್ಡು ಬರೆಸೋಣ ಎಂದು ದಿನಾ ತಲೆ ತಿನ್ನುತ್ತಿದ್ದಾಳೆ. ನಾನು ಇವತ್ತು ನಾಳೆ ಎಂದು ತಳ್ಳುತ್ತಿದ್ದೇನೆ.

ಅಷ್ಟು ದೊಡ್ಡ ಬೆಲೆ ಹೇಳುತ್ತಿದ್ದ ಯಜಮಾನರು ಹೇಗೋ ಇಳಿದರು, ಯಾವ ಮಂತ್ರ ಹಾಕಿದೆಯೋ ಮೊಂಡ ಎಂದು ನೀನು ಕೇಳಿದ್ದೆ. ನಿನ್ನ ಉಳಿತಾಯವೂ ಅದರಲ್ಲಿ ಸೇರಿದೆ, ಕೇಳುವ ಹಕ್ಕು ನಿನಗಿದೆ. ಮೊದಲಿನಿಂದ ಹೇಳುತ್ತೇನೆ.

ಯಜಮಾನರು ವಯಸ್ಸಾಯಿತು, ಅಂಗಡಿ ಮಾರುತ್ತೇನೆ ಎಂದಾಗ, ಹತ್ತೊಂಬತ್ತು ವರ್ಷ ಅದೇ ಬೆಂಚಿನ ಮೇಲೆ ಕೂತು ಶೂ ಹೊಲಿದ ನನಗಲ್ಲದೆ ಇನ್ಯಾರಿಗೆ ಎಂದುಕೊಂಡಿದ್ದೆ. ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಮೇಡಂ ಒಳ್ಳೆಯವರೇ, ಕೂರಿಸಿ ನೀರು ಕೊಟ್ಟು ಮಾತಾಡಿಸಿದರು. ಮೂರು ವರ್ಷದ ಲೆಕ್ಕಪತ್ರ ನೋಡಿ, ಹೊಲಿಗೆ ಯಂತ್ರಗಳನ್ನು ಅಡವಿಟ್ಟರೆ ಅರ್ಧ ಬೆಲೆಯಷ್ಟು ಸಾಲ ಕೊಡಬಹುದು, ಉಳಿದರ್ಧ ನೀವೇ ಹೊಂದಿಸಿ ಎಂದರು. ಅಂಗಡಿಯ ಹೆಸರಿಗೆ, ಗಿರಾಕಿಗಳ ನಂಬಿಕೆಗೆ ಏನೂ ಕೊಡುವುದಿಲ್ಲವೇ ಎಂದು ಕೇಳಿದೆ. ಅದನ್ನು ಜಪ್ತಿ ಮಾಡಲು ಬರುವುದಿಲ್ಲವಲ್ಲ ಎಂದು ನಕ್ಕರು. ನಿನ್ನ ಹಣ, ನನ್ನ ಉಳಿತಾಯ ಎಲ್ಲ ಗುಡಿಸಿ ಸೇರಿಸಿದರೂ ನಾಲ್ಕರಲ್ಲೊಂದು ಪಾಲು ಕಡಿಮೆ ಬಿತ್ತು. ಔಷಧಿ ಅಂಗಡಿಯವನು ಪಾಲುದಾರನಾಗುತ್ತೇನೆಂದ. ಆದರೆ ಅವನಿಗೆ ಅರ್ಧ ಲಾಭವೂ ಬೇಕು, ಅಳತೆ ತೆಗೆದು ಮಾಡುವ ಶೂ ಬಿಟ್ಟು ರೆಡಿಮೇಡ್ ಚಪ್ಪಲಿ ಮಾರಬೇಕೆಂಬ ಹಟ ಬೇರೆ. ನಿನ್ನ ಸಹವಾಸವೇ ಬೇಡ ಮಾರಾಯ ಎಂದು ಎದ್ದು ಬಂದೆ. ಕಡಿಮೆ ಬಿದ್ದದ್ದನ್ನು ಕಂತಿನಲ್ಲಿ ಕೊಡುತ್ತೇನೆ ಎಂದು ಯಜಮಾನರನ್ನೇ ಕೇಳೋಣವೆಂದರೆ, ಅಷ್ಟರಲ್ಲಿ ಬ್ಯಾಗಿನ ವ್ಯಾಪಾರಿಯೊಬ್ಬ ಪೂರ್ತಿ ಹಣ ಒಂದೇ ಸಲಕ್ಕೆ ಕೊಡಲು ಸಿದ್ಧನಾಗಿ ಬಂದ.

ಅವತ್ತು ಮಧ್ಯಾಹ್ನ ನನ್ನ ಬುದ್ಧಿ ಕೆಟ್ಟಿತು. ನಮ್ಮಲ್ಲಿ ಪ್ರತಿ ಗಿರಾಕಿಯ ಕಾಲಿಗೂ ಒಂದು ಜೋಡಿ ಮರದ ಅಚ್ಚು ಇರುವುದು ನಿನಗೆ ಗೊತ್ತು. ಕಾಲಿನಲ್ಲಿ ಎಲ್ಲಿ ಗಂಟಿದೆಯೋ ಅಚ್ಚಿನ ಮೇಲೆ ಅಲ್ಲಿಗೆ ಚರ್ಮದ ಸಣ್ಣ ತುಂಡು ಅಂಟಿಸುತ್ತೇವೆ, ಶೂವಿನೊಳಗೆ ಅಷ್ಟು ಜಾಗ ಉಳಿಯಲೆಂದು. ಅಳತೆ, ಕತ್ತರಿಸುವುದು ಯಜಮಾನರದು. ಚರ್ಮವನ್ನು ಅಚ್ಚಿನ ಮೇಲೆ ಎಳೆದು ಕೂರಿಸುವುದು ನನ್ನದು. ಅವರು ಊಟಕ್ಕೆ ಹೋದಾಗ ನಾಲ್ಕು ಜನರ ಅಚ್ಚಿನಿಂದ ಆ ತುಂಡುಗಳನ್ನು ಕಿತ್ತೆ. ಶೂ ಮುಗಿದ ಮೇಲೆ, ಏನೂ ಆಗದವನಂತೆ, ಮೊದಲಿದ್ದ ಜಾಗಕ್ಕೇ ಅಂಟಿಸಿಟ್ಟೆ.

ತಿಂಗಳೊಳಗೆ ನಾಲ್ವರೂ ಶೂ ಹಿಂದಕ್ಕೆ ತಂದರು. ಶಾಲೆಯ ಟೀಚರಮ್ಮನ ಹೆಬ್ಬೆರಳ ಬುಡ ಕೆಂಪಗೆ ಊದಿತ್ತು. ಯಜಮಾನರು ಮಂಡಿಯೂರಿ ಆ ಕಾಲನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅಚ್ಚು ತರಿಸಿ ನೋಡಿದರು, ಅದು ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ತಮ್ಮ ಕೈಯದೇ ಎಂದು ಒಪ್ಪಿಕೊಂಡರು. ಈ ಸುದ್ದಿ ಮುಟ್ಟಿದ್ದೇ ತಡ, ಬ್ಯಾಗಿನ ವ್ಯಾಪಾರಿ ಜಾಗ ಖಾಲಿ ಮಾಡಿದ. ಯಜಮಾನರು ನನ್ನನ್ನು ಎದುರಿಗೆ ಕೂರಿಸಿಕೊಂಡು ತಾವಾಗಿಯೇ ಬೆಲೆ ಇಳಿಸಿದರು. ಕಡಿಮೆ ಬಿದ್ದದ್ದನ್ನು ಐದು ವರ್ಷದಲ್ಲಿ ತಿಂಗಳು ತಿಂಗಳು ಕೊಡು, ಬಡ್ಡಿ ಬೇಡ ಎಂದರು.

"ಕೆಟ್ಟ ಹೆಸರನ್ನ ನಿನ್ನ ತಲೆಗೆ ಕಟ್ತಾ ಇದ್ದೀನಿ. ಅದಕ್ಕೂ ಪೂರ್ತಿ ದುಡ್ಡು ತಗೊಂಡ್ರೆ ನಾನು ಮನುಷ್ಯನಾ?" ಎಂದರು.

ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಹೋದ ವಾರ ಟೀಚರಮ್ಮ ದಾರಿಯಲ್ಲಿ ಸಿಕ್ಕಿದ್ದರು. ನಾನು ಕೊಟ್ಟ ಮೊದಲ ಕಂತಿನ ಹಣ ಹಿಡಿದುಕೊಂಡು ಯಜಮಾನರು ನಾಲ್ವರ ಮನೆಗೂ ಬಸ್ಸಿನಲ್ಲಿ ಹೋಗಿ, ಶೂವಿನ ಬೆಲೆ ವಾಪಸು ಕೊಟ್ಟು, ಕ್ಷಮಿಸಿ ಎಂದು ಕೈ ಮುಗಿದು ಬಂದರಂತೆ. ಹುಡುಗ ಒಳ್ಳೆಯವನು, ಇನ್ನು ನಿಮಗೆ ತೊಂದರೆಯಾಗುವುದಿಲ್ಲ ಎಂದೂ ಹೇಳಿದರಂತೆ. ಅಕ್ಕ, ನಿಂತಲ್ಲೇ ನೆಲ ಬಾಯಿಬಿಡಬಾರದೇ ಎನಿಸಿತು.

ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದೇ ಮನೆಯಿಂದ ಹೊರಡುತ್ತೇನೆ. ಅವರು ಅಭ್ಯಾಸಬಲದಿಂದ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂರುತ್ತಾರೆ, ಕತ್ತರಿ ಮಾತ್ರ ಮುಟ್ಟುವುದಿಲ್ಲ. ಹೇಳಿದರೆ ಅಂಗಡಿ ಹೋಗುತ್ತದೆ, ಬ್ಯಾಂಕಿನ ಸಾಲ ಕುತ್ತಿಗೆಗೆ ಬರುತ್ತದೆ, ನಿನ್ನ ಹಣವೂ ಮುಳುಗುತ್ತದೆ. ಹೇಳದಿದ್ದರೆ ಅವರು ತಮ್ಮ ಕೈ ಕೆಟ್ಟಿತೆಂದು ನಂಬಿಕೊಂಡೇ ಕಣ್ಣು ಮುಚ್ಚುತ್ತಾರೆ. ಎಷ್ಟು ಯೋಚಿಸಿದರೂ ನಾಲಿಗೆ ಏಳುತ್ತಿಲ್ಲ. ನಿನ್ನ ತಮ್ಮ ಇಷ್ಟು ಕೀಳು ಮನುಷ್ಯನೆಂದು ನನಗೇ ಗೊತ್ತಿರಲಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ, ಚೆನ್ನಾಗಿ ಬಾಳಲಿ, ಮಾವನ ಬುದ್ಧಿ ಅವರಿಗೆ ಬಾರದಿರಲಿ. ಭಾವನಿಗೆ ಈ ಕಾಗದ ತೋರಿಸುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ, ಆದರೂ ಬೇಕು.

ನಿನ್ನ ತಮ್ಮ,
ಮೊಂಡ

ತಾ.ಕ.: ಇದನ್ನು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಆರು ವರ್ಷದವಳಿದ್ದಾಗಿನಿಂದ ನಿನ್ನ ಗಿಡ್ಡವಾದ ಒಂದು ಕಾಲಿಗೆ ಎತ್ತರದ ಅಟ್ಟೆ ಹಾಕಿ ಶೂ ಮಾಡಿದವರು ಅವರೊಬ್ಬರೇ. ಮದುವೆಯ ದಿನ ನೀನು ನೆಟ್ಟಗೆ ನಡೆದದ್ದೂ ಅವರು ಮಾಡಿದ ಶೂವಿನಲ್ಲೇ. ಹಳೆಯ ಜೋಡಿ ಸವೆದಿದೆ, ಅಳತೆಗೆ ಯಾವಾಗ ಬರಲಿ ಎಂದು ನೀನು ಬರೆದದ್ದನ್ನು ನಿನ್ನೆ ಅವರಿಗೆ ಹೇಳಿದೆ. ಎದ್ದು ಹೋಗಿ ನಿನ್ನ ಅಚ್ಚು ತೆಗೆದು, ಧೂಳು ಒರೆಸಿ, ನನ್ನ ಕೈಗಿಟ್ಟರು.

"ನಿಮ್ಮಕ್ಕನ ಕಾಲಿಗೆ ನನ್ನಿಂದ ನೋವಾಗೋದು ಬೇಡಪ್ಪ. ಇನ್ಮೇಲೆ ನೀನೇ ಮಾಡು" ಎಂದರು.

ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಆಗಲಾದರೂ ಹೇಳಬಹುದಿತ್ತು. ನಾನು ಆಗಲಿ ಎಂದೆ.