ವಿಟ್ಬಿಯ ಕರಿಮಣಿ

ಮನ್ರೋ, ನ್ಯೂಜರ್ಸಿ
ಸೆಪ್ಟೆಂಬರ್ 14, 2025

ಪ್ರೀತಿಯ ವಿಜಿ,

ಚೆನ್ನಾಗಿದ್ದೀಯಾ? ನಿನ್ನ ಸೊಸೆ ಮಹಿಮಾಳ ಸೀಮಂತದ ಕರೆಯೋಲೆ ಬಂದು ವಾರಗಳೇ ಆದವು. ಬರುತ್ತೇನೋ ಇಲ್ಲವೋ ಎಂದು ನಾನಿನ್ನೂ ಹೇಳಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಮಾರಿಸ್‌ಟೌನ್ ಏನು ದೂರವೇ, ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನ್ನೆದುರು ಯಾರು ತಾನೇ ಮಾತು ಮುಗಿಸಿದ್ದಾರೆ? ಅದಕ್ಕೇ ಈ ಕಾಗದ.

ಕಳೆದ ತಿಂಗಳು ಹಂಸಿನಿ ನನ್ನನ್ನು ಇಂಗ್ಲೆಂಡಿಗೆ ಎಳೆದುಕೊಂಡು ಹೋಗಿದ್ದಳು. "ಅಪ್ಪ ಹೋಗಿ ಟೂ ಇಯರ್ಸ್ ಆಯ್ತಮ್ಮಾ, ಎನಫ್ ಸಿಟ್ಟಿಂಗ್ ಅಟ್ ಹೋಮ್" ಎಂದು ಮಗಳ ವಾದ. ಒಂದು ದಿನ ವಿಟ್ಬಿ ಎಂಬ ಹಳೆಯ ಕಡಲೂರಿಗೆ ಹೋದೆವು. ಗುಡ್ಡದ ಮೇಲೊಂದು ಕ್ರೈಸ್ತ ಮಠ, ಈಗ ಬರೀ ಗೋಡೆ. ಹಂಪಿ ನೋಡಿದವಳಿಗೆ ಇದೇನು ಮಹಾ ಎಂದುಕೊಂಡೇ ಮೆಟ್ಟಿಲು ಹತ್ತಿದೆ. ಅರ್ಧ ದಾರಿಗೇ ಮಂಡಿ ಮುಷ್ಕರ ಹೂಡಿತು. ಕೆಳಗಿಳಿದು ಬಂದರಿನ ಕಟ್ಟೆಯ ಮೇಲೆ ಕೂತು, ಅಲ್ಲಿಯವರು ಚಿಪ್ಸ್ ಎನ್ನುವ ನಮ್ಮ ಫ್ರೈಸ್‌ಗೆ ಚಟ್ನಿಪುಡಿ ಉದುರಿಸಿ ತಿಂದೆವು. ಕಡಲಹಕ್ಕಿಯೊಂದು ಹಂಸಿನಿಯ ಕೈಯಿಂದಲೇ ಕಿತ್ತುಕೊಂಡು ಹೋಯಿತು. ಖಾರ ಹತ್ತಿತೋ ಏನೋ, ಮತ್ತೆ ಬರಲಿಲ್ಲ.

ಆ ಊರಿನಲ್ಲಿ ಜೆಟ್ ಎಂಬ ಕರಿಯ ಕಲ್ಲಿನ ಒಡವೆ ಪ್ರಸಿದ್ಧ. ಓಣಿಯ ಅಂಗಡಿಯೊಂದರಲ್ಲಿ ಸಣ್ಣ ಮಣಿಗಳ ಸರ ಕಂಡು ನಿಂತುಬಿಟ್ಟೆ. ಥೇಟ್ ನಮ್ಮ ಕರಿಮಣಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಗಂಡ ತೀರಿಕೊಂಡ ಹೆಂಗಸರು ಇದನ್ನು ಹಾಕಿಕೊಳ್ಳುತ್ತಿದ್ದರು ಎಂದಳು ಅಂಗಡಿಯಾಕೆ. ನನಗೆ ನಗು ಬಂತು. ನಮ್ಮಲ್ಲಿ ಗಂಡ ತೀರಿಕೊಂಡರೆ ಇದನ್ನೇ ತೆಗೆಸುತ್ತಾರೆ ಎಂದೆ. ಆಕೆ ನಗಲಿಲ್ಲ. ಸರ ಎತ್ತಿ ನನ್ನ ಕೊರಳಿಗೆ ಹಾಕಿ ಕನ್ನಡಿ ಹಿಡಿದಳು. ಮಣಿ ಮೈಗೆ ತಾಗಿದ್ದೇ ತಡ, ಅಳು ಬಂತು ವಿಜಿ. ಅಂಗಡಿಯಲ್ಲೇ ಅತ್ತೆ.

"ಅಮ್ಮಾ, ಇಟ್ಸ್ ಯುವರ್ಸ್. ಡೋಂಟ್ ಟೇಕ್ ಇಟ್ ಆಫ್" ಎಂದು ಹಂಸಿನಿಯೇ ದುಡ್ಡು ಕೊಟ್ಟಳು.

ಸಂಜೆಯವರೆಗೂ ಅದನ್ನು ಹಾಕಿಕೊಂಡೇ ಊರೆಲ್ಲ ಸುತ್ತಿದೆ. ಎಷ್ಟು ಹಗುರವಾಗಿತ್ತು ಮನಸ್ಸು! ಆದರೆ ವಿಮಾನ ನ್ಯೂಅರ್ಕ್‌ನಲ್ಲಿ ಇಳಿಯುವ ಹೊತ್ತಿಗೆ ಕೈ ತಾನಾಗಿಯೇ ಹೋಗಿ ಕೊಂಡಿ ಬಿಚ್ಚಿತು. ನಮ್ಮವರು ಯಾರಾದರೂ ಸಿಕ್ಕರೆ ಏನೆಂದುಕೊಂಡಾರು ಎಂಬ ಭಯ. ಅಂದಿನಿಂದ ಸರ ಪರ್ಸಿನಲ್ಲೇ ಇದೆ.

ಮಹಿಮಾಗೆ ಸುಖವಾಗಿ ಹೆರಿಗೆಯಾಗಲಿ. ನಿಮ್ಮ ನಕುಲನಿಗೂ ನನ್ನ ಆಶೀರ್ವಾದ ಹೇಳು.

ನಿನ್ನ
ಪಂಕಜಾ

ತಾ.ಕ.: ಕಳೆದ ವರ್ಷ ನಕುಲನ ಮದುವೆಯಲ್ಲಿ ನೀನು ಕುಂಕುಮದ ಬಟ್ಟಲು ಹಿಡಿದು ನಮ್ಮ ಸಾಲಿಗೆ ಬಂದೆ. ನನ್ನ ಈ ಪಕ್ಕದವರಿಗೆ ಕೊಟ್ಟೆ, ಆ ಪಕ್ಕದವರಿಗೂ ಕೊಟ್ಟೆ. ನನ್ನ ಮುಂದೆ ನಿಲ್ಲಲಿಲ್ಲ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಮರೆತುಬಿಡುತ್ತಿದ್ದೆ. ನೀನು ಮಾಡಿದ್ದಕ್ಕೆ ನೋವಾಯಿತು. ಸೀಮಂತಕ್ಕೆ ಬರುತ್ತೇನೆ. ಆ ಸರ ಹಾಕಿಕೊಂಡೇ ಬರುತ್ತೇನೆ. ಕುಂಕುಮ ಕೊಡುವಾಗ ನನ್ನ ಮುಂದೆ ನಿಲ್ಲು, ವಿಜಿ.