ನಮ್ಮ ಕೋಣೆಗೇ ಬಂದ ಆಸ್ಪತ್ರೆ

ವೃದ್ಧಾಶ್ರಮ, ಮೇಲಿನ ಮಹಡಿ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ನವೆ ಅಂತ ಗೋಳಾಡುತ್ತಿದ್ದೆಯಲ್ಲ, ದಮ್ಮಯ್ಯ, ಸ್ವೆಟರ್ ಕಡ್ಡಿ ತೂರಿಸಿ ಕೆರೆದುಕೊಳ್ಳಬೇಡ. ಚಿಕ್ಕಂದಿನಿಂದಲೂ ನಿನಗೆ ಕೈ ಸುಮ್ಮನಿರುವುದಿಲ್ಲ. ಅಳಿಯಂದಿರು ಅಡುಗೆ ಮಾಡುತ್ತಿದ್ದಾರಂತೆ. ಉಪ್ಪು ಹೆಚ್ಚೋ ಕಡಿಮೆಯೋ, ಮುಖ ಸಿಂಡರಿಸದೆ ತಿನ್ನು. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನಿಗೂ ಜ್ವರ ಬಿಟ್ಟಿದೆ. ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿಂದು, ಸಕ್ಕರೆ ಸಾಲದು ಅಂತ ನನ್ನ ಮೇಲೆ ರೇಗಿದರು. ಬೈಸಿಕೊಂಡು ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ ಕಣೇ.

ಅವತ್ತು ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. "ಅಮ್ಮಾ, ಆಂಬುಲೆನ್ಸ್ ಕರೆಸು, ಸುಮ್ನೆ ಕೂತ್ಕೋಬೇಡ" ಅಂತ ನೀನು ಅಳುತ್ತಿದ್ದೆ. ನಾನು ಮಾತು ಮುಗಿಯುವ ಮೊದಲೇ ಫೋನ್ ಇಟ್ಟುಬಿಟ್ಟೆ. ನೀನು ಹೇಳಿದ್ದು ತಪ್ಪಲ್ಲ. ಅಪ್ಪ ಮೈ ಕೆಂಡವಾಗಿ, ಉಸಿರಿಗೆ ಒದ್ದಾಡುತ್ತಿದ್ದರೆ ಯಾವ ಮಗಳಾದರೂ ಹಾಗೇ ಹೇಳುತ್ತಾಳೆ. ಆದರೆ ಹೋದ ಸಲ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಜೊತೆಗಿದ್ದವಳು ನಾನು. ಮೊದಲೇ ಮರೆವು, ಇರುವ ಊರೇ ನೆನಪಿರದ ಮನುಷ್ಯ. ಆ ಗದ್ದಲದ ಕಾರಿಡಾರಿನಲ್ಲಿ, ಸ್ಟ್ರೆಚರ್ ಮೇಲೆ ಮಲಗಿ, ಹೋಗಿಬರುವವರನ್ನೆಲ್ಲ ನೋಡಿ ಬೆದರಿದರು. ಸೂಜಿ ಕಿತ್ತುಕೊಳ್ಳುತ್ತಾರೆಂದು ಅಲ್ಲಿನ ನರ್ಸುಗಳು ಬಟ್ಟೆಯಿಂದ ಇವರ ಕೈ ಕಟ್ಟಿದರು. ಪಾಪ, ಅಲ್ಲಿಯವರನ್ನು ನಾನು ದೂರುವುದಿಲ್ಲ, ಅವರಿಗೂ ಕಾಲಿಡಲು ಜಾಗವಿರಲಿಲ್ಲ. ಆದರೆ ವಾಸಿಯಾಗಿ ಬಂದ ಮೇಲೂ ಎಷ್ಟೋ ದಿನ, ನಾನು ಹತ್ತಿರ ಹೋದರೆ ಸಾಕು, ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಇದನ್ನು ನಿನಗೆ ಹೇಳಿರಲಿಲ್ಲ.

ಅದಕ್ಕೇ ಈ ಸಲ ಇಲ್ಲಿಯ ನರ್ಸಮ್ಮ ಫೋನ್ ಕೈಗೆತ್ತಿಕೊಂಡಾಗ ನಾನು ಅವರ ಸೆರಗು ಹಿಡಿದುಕೊಂಡುಬಿಟ್ಟೆ. "ಅಜ್ಜಿ, ಬಿಡಿ, ನಾನು ಆಂಬುಲೆನ್ಸ್ ಕರೀತಿಲ್ಲ. ಆಸ್ಪತ್ರೆಯವರನ್ನೇ ಇಲ್ಲಿಗೆ ಕರೀತಿದೀನಿ" ಅಂದರು. ಇಂಥ ವೃದ್ಧಾಶ್ರಮಗಳಿಗೆ ಬಂದು ನೋಡುವುದಕ್ಕೆಂದೇ ಆಸ್ಪತ್ರೆಯಲ್ಲಿ ಒಂದು ತಂಡವಿದೆಯಂತೆ. ನನಗೆ ನಂಬಿಕೆ ಬರಲಿಲ್ಲ. ಸಂಜೆಯೊಳಗೆ ಒಂದು ಪುಟ್ಟ ಕಾರು ಬಂತು. ಇಳಿದವರು ಇಬ್ಬರು: ನಿನ್ನ ವಯಸ್ಸಿನ ಡಾಕ್ಟರಮ್ಮ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಒಬ್ಬ ಗಂಡು ನರ್ಸು. ಡಾಕ್ಟರಮ್ಮ ಎದೆ, ಬೆನ್ನು ಎಲ್ಲ ನೋಡಿ, ಶ್ವಾಸಕೋಶದಲ್ಲಿ ಸೋಂಕು, ಔಷಧಿ ನರದ ಮೂಲಕವೇ ಹೋಗಬೇಕು ಅಂದರು. ಸೂಜಿ ಕಂಡದ್ದೇ ತಡ, ನಿಮ್ಮಪ್ಪ "ಕಟ್ಟಬೇಡ್ರೋ, ಕಟ್ಟಬೇಡ್ರೋ" ಅಂತ ಕಿರುಚಿ ಕಾಲಿನಿಂದ ಒದ್ದರು. ಏಟು ಆ ನರ್ಸ್ ಹುಡುಗನ ಹೊಟ್ಟೆಗೇ ಬಿತ್ತು. ಮುಗಿಯಿತು, ಇನ್ನು ಕಟ್ಟುತ್ತಾರೆ ಅಂದುಕೊಂಡೆ. ಅವನು ಸೂಜಿ ಪಕ್ಕಕ್ಕಿಟ್ಟು, ನೆಲದ ಮೇಲೆ ಮಂಡಿಯೂರಿ ಕೂತು, ನನ್ನ ಕಡೆ ತಿರುಗಿ "ಅಮ್ಮ, ಇವರು ಏನ್ ಕೆಲಸ ಮಾಡ್ತಿದ್ರು?" ಅಂದ. ಬಸ್ ಡ್ರೈವರ್ ಅಂದೆ.

ಅವನು ನಿಮ್ಮಪ್ಪನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ "ಸಾರ್, ಬಸ್ಸು ಇಳಿಜಾರಲ್ಲಿ ನಿಂತಿದೆ, ಹ್ಯಾಂಡ್‌ಬ್ರೇಕ್ ಹಿಡ್ಕೊಳ್ಳಿ" ಅಂದು ಮಂಚದ ಕಂಬಿ ತೋರಿಸಿದ. ನಿಮ್ಮಪ್ಪ ಕೈ ಚಾಚಿ ಕಂಬಿಯನ್ನು ಗಟ್ಟಿಯಾಗಿ ಹಿಡಿದರು ಕಣೇ! ಮುಖದ ದಿಗಿಲೆಲ್ಲ ಇಳಿದು, ಹಳೆಯ ಗತ್ತು ಬಂತು. "ಪ್ಯಾಸೆಂಜರ್ ಎಲ್ಲ ಹತ್ತಿದ್ರಾ?" ಅಂತ ವಿಚಾರಣೆ ಬೇರೆ. "ಹತ್ತಿದ್ರು ಸಾರ್, ಈ ಅಮ್ಮ ಮುಂದೇನೇ ಕೂತಿದಾರೆ" ಅಂತ ಹೇಳುತ್ತ ಆ ಕೈಗೇ ಸೂಜಿ ಹಾಕಿದ. ಇವರು ಅಲುಗಾಡಲಿಲ್ಲ. ಔಷಧಿ ಬಾಟಲಿಯನ್ನು ಕೋಟು ತಗುಲಿಸುವ ಮೊಳೆಗೆ ನೇತುಹಾಕಿದರು. ನಾನು ಸ್ನಾನದ ಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಸಮಾಧಾನವಾಗುವಷ್ಟು ಅತ್ತುಬಂದೆ.

ಆಮೇಲೆ ದಿನವೂ ಬಂದರು. ಒಂದು ಸಂಜೆ ನಿಮ್ಮಪ್ಪನ ಉಸಿರು ತೀರಾ ಕೆಟ್ಟಿತ್ತು. ಆಗ ಡಾಕ್ಟರಮ್ಮ ಹೋಗುವ ಅವಸರ ಮಾಡದೆ ಇಲ್ಲೇ ಕೂತಿದ್ದರು. ರಾತ್ರಿಯೆಲ್ಲ ನಾನು ಪಕ್ಕದಲ್ಲೇ ಮಲಗಿ ನಿಮ್ಮಪ್ಪನ ಬೆನ್ನು ಸವರುತ್ತಿದ್ದೆ. ಆಸ್ಪತ್ರೆಯಲ್ಲಿ ಇದಕ್ಕೆ ಯಾರು ಬಿಡುತ್ತಿದ್ದರು, ಹೇಳು? ಬೆಳಗಾಗುವ ಹೊತ್ತಿಗೆ ಬೆವರಿ, ಜ್ವರ ಇಳಿಯಿತು. ಈಗ ಕಿಟಕಿಯ ಬಳಿ ಕೂತು ಬೀದಿಯ ಬಸ್ಸುಗಳಲ್ಲೆಲ್ಲ ತಪ್ಪು ಹುಡುಕುತ್ತಿದ್ದಾರೆ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ನಿನಗೆ ನಮ್ಮಿಬ್ಬರ ಮುತ್ತು. ಹುಷಾರಾಗಿರು ಮಗಳೇ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಸಾಲುವುದಿಲ್ಲ. ಶ್ವಾಸಕೋಶ ಬಹಳ ಸೋತಿದೆ, ಇದು ಮತ್ತೆ ಬರುತ್ತದೆ, ಆಗ ಔಷಧಿ ನಾಟದೆಯೂ ಹೋಗಬಹುದು ಅಂತ ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು. ಆಗ ನಿಮ್ಮಪ್ಪ ಎಲ್ಲಿರಬೇಕು, ಆಸ್ಪತ್ರೆಯಲ್ಲೋ ಇಲ್ಲೋ ಅಂತ ಕೇಳಿದರು. ಇಲ್ಲೇ, ನನ್ನ ಪಕ್ಕದಲ್ಲೇ ಅಂದೆ. ನೋವಾಗದ ಹಾಗೆ ನೋಡಿಕೊಳ್ಳಲು ಡಾಕ್ಟರಮ್ಮನ ತಂಡವೇ ಬರುತ್ತದಂತೆ. ಆದರೆ ಅವರು ನನಗೆ ಗಂಡನಾದರೆ ನಿನಗೆ ಅಪ್ಪ. ನಾನೊಬ್ಬಳೇ ತೀರ್ಮಾನ ಮಾಡಿದೆ ಅಂತ ನಾಳೆ ನಿನ್ನ ಮನಸ್ಸಿನಲ್ಲಿ ಉಳಿಯಬಾರದು. ಹೂಂ ಅನ್ನು ಅಂತ ಕೇಳುತ್ತಿಲ್ಲ. ಬಂದು ಒಂದು ದಿನ ಅಪ್ಪನ ಪಕ್ಕ ಕೂತುಕೋ, ಆಮೇಲೆ ಹೇಳು. ಕಾಲು ಊರುವಂತಾದ ಕೂಡಲೇ ಬಾ.